ಪವರ್ ಪ್ರೆಸ್‌ಗೆ ಗಾರ್ಡ್ ಹಾಕಿಸಿದರೆ ಹುಡುಗರು ಬಿಚ್ಚಿಡುತ್ತಾರೆ, ಏನು ಮಾಡೋದು?

ಪೀಣ್ಯ ಶೆಡ್:
ಪೀಣ್ಯದಲ್ಲಿ ನಮ್ಮದು ಸಣ್ಣ ಶೆಡ್, ಶೀಟ್ ಮೆಟಲ್ ಜಾಬ್ ವರ್ಕ್. ನಾಲ್ಕು ಹಳೇ ಪವರ್ ಪ್ರೆಸ್ (ಶೀಟ್ ಒತ್ತಿ ಕತ್ತರಿಸೋ, ಬಗ್ಗಿಸೋ ಮಷಿನ್), ಒಂದು ಡ್ರಿಲ್ಲಿಂಗ್ ಮಷಿನ್, ಹದಿನಾಲ್ಕು ಜನ. ಹೋದ ತಿಂಗಳು ಹಿಂದಿನ ಬೀದಿಯ ಶೆಡ್‌ನಲ್ಲಿ ಒಬ್ಬ ಹುಡುಗನ ಎರಡು ಬೆರಳು ಡೈ (ಶೀಟ್‌ಗೆ ಆಕಾರ ಕೊಡೋ ಅಚ್ಚು) ಒಳಗೆ ಸಿಕ್ಕಿ ಹೋದವು. ಊರಿಂದ ಬಂದು ವರ್ಷ ಕೂಡ ಆಗಿರಲಿಲ್ಲ. ಆವತ್ತಿನಿಂದ ನನಗೆ ಸಮಾಧಾನವೇ ಇಲ್ಲ. ನಮ್ಮಲ್ಲಿ ಕೈ ಒಳಗೆ ಹೋಗದ ಹಾಗೆ ತಡೆಯೋ ಗಾರ್ಡ್ ಇದೆ, ಆದರೆ ನಾನು ಆಫೀಸಿಗೆ ಹೋದ ತಕ್ಷಣ ಬಿಚ್ಚಿ ಮೂಲೆಗೆ ಇಡುತ್ತಾರೆ, ಕೇಳಿದರೆ "ಕೈ ಓಡಲ್ಲ ಸರ್" ಅಂತಾರೆ. ದಂಡ ಹಾಕಬೇಕಾ? ಲೈಟ್ ಕರ್ಟನ್ ಸೆನ್ಸರ್ ಹಾಕಿಸಿ, ಕೈ ಅಡ್ಡ ಬಂದರೆ ಪ್ರೆಸ್ ನಿಲ್ಲುತ್ತೆ ಅಂತ ಒಬ್ಬರು ಮಾರೋಕೆ ಬಂದಿದ್ದಾರೆ. ತಗೊಳ್ಳಲಾ?

ಟೂಲ್‌ರೂಮ್ ರಾಜು:
ಸರ್, ದುಡ್ಡು ಕೊಡೋ ಮುಂಚೆ ನಿಮ್ಮ ಪ್ರೆಸ್ ಯಾವ ಕ್ಲಚ್‌ದು (ತಿರುಗೋ ಚಕ್ರದ ಓಟವನ್ನು ಪ್ರೆಸ್‌ಗೆ ಸೇರಿಸೋ, ಬಿಡಿಸೋ ಭಾಗ) ಅಂತ ನೋಡಿ. ಹಳೇ ಪ್ರೆಸ್‌ಗಳಲ್ಲಿ ಜಾಸ್ತಿ ಇರೋದು ಕೀ ಕ್ಲಚ್ ಅಥವಾ ಪಿನ್ ಕ್ಲಚ್. ಒಂದು ಸಲ ಪೆಡಲ್ ತುಳಿದರೆ ರಾಮ್ (ಮೇಲಿಂದ ಬಂದು ಒತ್ತೋ ಭಾಗ) ಕೆಳಗೆ ಬಂದು ಪೂರ್ತಿ ಒಂದು ಸುತ್ತು ಮುಗಿಸಿಯೇ ನಿಲ್ಲೋದು, ಮಧ್ಯದಲ್ಲಿ ಅದನ್ನು ತಡೆಯೋಕೆ ಆಗಲ್ಲ. ಅದಕ್ಕೆ ಲೈಟ್ ಕರ್ಟನ್ ಹಾಕಿ ಏನೂ ಪ್ರಯೋಜನವಿಲ್ಲ, ಸುಮ್ನೆ ಧೈರ್ಯ ಬರುತ್ತೆ, ಅದು ಇನ್ನೂ ಅಪಾಯ. ನ್ಯೂಮ್ಯಾಟಿಕ್ (ಗಾಳಿ ಒತ್ತಡದ) ಕ್ಲಚ್ ಇದ್ದು ಬ್ರೇಕ್ ಚೆನ್ನಾಗಿದ್ದರೆ ಮಾತ್ರ ಅದು ಕೆಲಸಕ್ಕೆ ಬರುತ್ತೆ.

ಪಟ್ಟಿ ಶೀಟ್ ಹಾಕಿ ಬ್ಲ್ಯಾಂಕಿಂಗ್ (ಶೀಟಿನಿಂದ ಪೀಸ್ ಕತ್ತರಿಸೋದು) ಮಾಡೋ ಕಡೆ ಗಾರ್ಡನ್ನು ಡೈಗೇ ಸೇರಿಸಿ ಬೋಲ್ಟ್ ಮಾಡಿ. ಶೀಟ್ ಹೋಗಬೇಕು, ಬೆರಳು ಹೋಗಬಾರದು, ಸಂದು 6 ಎಂಎಂ ದಾಟಬಾರದು. ಮುಂದೆ ಗಟ್ಟಿ ಪಾಲಿಕಾರ್ಬೊನೇಟ್ ಶೀಟ್ ಹಾಕಿದರೆ ಡೈ ಕಾಣುತ್ತೆ. ಅರ್ಧ ಜನ ಗಾರ್ಡ್ ಬಿಚ್ಚೋದೇ ಒಳಗೆ ಏನೂ ಕಾಣಲ್ಲ ಅಂತ. ಬೆಂಡಿಂಗ್‌ಗೆ ಒಂದೊಂದೇ ಪೀಸ್ ಇಡೋ ಕೆಲಸ ಇದ್ದರೆ ಸ್ಲೈಡಿಂಗ್ ಡೈ ಮಾಡಿಸಿ: ಹೊರಗೆ ಎಳೆದು ಪೀಸ್ ಇಟ್ಟು ಒಳಗೆ ತಳ್ಳೋದು, ಕೈ ರಾಮ್ ಕೆಳಗೆ ಹೋಗೋದೇ ಬೇಡ.

ಕ್ಲಚ್ ಕೀ ಸವೆದು, ಬ್ರೇಕ್ ಲೂಸ್ ಆಗಿದ್ದರೆ ಪೆಡಲ್ ತುಳಿಯದೇ ಎರಡನೇ ಸ್ಟ್ರೋಕ್ ಬೀಳುತ್ತೆ. ಬೆರಳು ಹೋಗೋದು ಎಷ್ಟೋ ಸಲ ಹೀಗೇ. ಪ್ರೆಸ್ ಡಬಲ್ ಹೊಡೀತು ಅಂತ ಹುಡುಗರು ಹೇಳಿದ ಕ್ಷಣ ಮೋಟರ್ ಆಫ್ ಮಾಡಿ, ಫ್ಲೈವೀಲ್ (ತಿರುಗೋ ಭಾರದ ಚಕ್ರ) ಪೂರ್ತಿ ನಿಂತ ಮೇಲೆ ರಿಪೇರಿ. ಆರ್ಡರ್ ಅರ್ಜೆಂಟ್ ಇದ್ದರೂ ಅಷ್ಟೇ.

ಪೆಡಲ್ ಮೇಲೆ ಮುಚ್ಚಳ ಇದೆಯಾ? ಏನಾದರೂ ಬಿದ್ದರೂ ಸ್ಟ್ರೋಕ್ ಬರುತ್ತೆ.

ಪ್ರೆಸ್ ಆಪರೇಟರ್:
ಅಣ್ಣ, ನಾನು ಪ್ರೆಸ್ ಮೇಲೆ ಕೆಲಸ ಮಾಡೋನು. ನಿಮ್ಮ ಹುಡುಗರಿಗೆ ಪೀಸ್ ಲೆಕ್ಕದಲ್ಲಿ ದುಡ್ಡು ಕೊಡ್ತೀರಾ? ಹಾಗಿದ್ದರೆ ದಂಡ ಹಾಕಿದರೂ ಗಾರ್ಡ್ ಬಿಚ್ಚುತ್ತಾರೆ, ಯಾಕಂದರೆ ಗಾರ್ಡ್ ಇದ್ದರೆ ಗಂಟೆಗೆ ಬರೋ ಪೀಸ್ ಕಮ್ಮಿ, ಪೀಸ್ ಕಮ್ಮಿ ಅಂದರೆ ಊರಿಗೆ ಕಳಿಸೋ ದುಡ್ಡು ಕಮ್ಮಿ. ಪ್ರೆಸ್ ಮೇಲೆ ಇರೋರಿಗೆ ದಿನದ ಸಂಬಳ ಮಾಡಿ. ರಾತ್ರಿ ಓಟಿಯಲ್ಲಿ ಪ್ರೆಸ್ ಕೆಲಸ ಕೊಡಬೇಡಿ, ಹತ್ತು ಗಂಟೆ ಆದ ಮೇಲೆ ಕಾಲು ಒಂದು ಕಡೆ, ಕೈ ಒಂದು ಕಡೆ. ಹೊಸಬರನ್ನು ಮೊದಲ ವಾರವೇ ಪ್ರೆಸ್ ಮುಂದೆ ಕೂರಿಸಬೇಡಿ. ಮತ್ತೆ ಡ್ರಿಲ್ಲಿಂಗ್ ಮಷಿನ್ ಹತ್ತಿರ ಗ್ಲೌಸ್ ಹಾಕಿಸಬೇಡಿ, ಬಟ್ಟೆ ಸುತ್ತಿಕೊಂಡು ಕೈಯನ್ನೇ ಎಳೆದುಕೊಳ್ಳುತ್ತೆ.

ಲೆಕ್ಕಪತ್ರ:
ಹದಿನಾಲ್ಕು ಜನ ಅಂದರೆ ಇಎಸ್‌ಐ (ನೌಕರರ ರಾಜ್ಯ ವಿಮೆ) ಕಡ್ಡಾಯ, 10 ಜನ ಆದರೇ ಬರುತ್ತೆ. ಸಂಬಳ 21,000 ರೂಪಾಯಿ ತನಕ ಇರೋ ಎಲ್ಲರ ಹೆಸರೂ ಸೇರಿದ ದಿನವೇ ಹಾಕಿಸಿ, ಹೆಲ್ಪರ್ ಅಂತ ಬಿಡಬೇಡಿ. ನಿಮ್ಮ ಪಾಲು ಶೇ 3.25, ಅವರದು ಶೇ 0.75. ಕೆಲಸದಲ್ಲಿ ಪೆಟ್ಟಾದರೆ ವಾಸಿಯಾಗೋ ತನಕ ಸಂಬಳದ ಶೇ 90ರಷ್ಟು ಸಿಗುತ್ತೆ, ಸೇರಿ ಒಂದೇ ದಿನ ಆಗಿದ್ದರೂ ಸರಿ. ಹೆಸರು ಇಲ್ಲದಿದ್ದರೆ ಆ ಮನೆಯವರು ಬೀದಿಗೆ ಬರ್ತಾರೆ.

ಇನ್ನೊಂದು, ಇದನ್ನು ಎಲ್ಲರಿಗೂ ಹೇಳಿಕೊಡಿ. ಬೆರಳು ತುಂಡಾದರೆ ಆ ತುಂಡನ್ನು ಶುದ್ಧವಾದ ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿಗೆ ಹಾಕಿ ಬಾಯಿ ಕಟ್ಟಿ, ಆ ಕವರನ್ನು ಐಸ್ ಮೇಲೆ ಇಟ್ಟು ಗಾಯಾಳು ಜೊತೆಗೇ ಕಳಿಸಬೇಕು. ನೇರವಾಗಿ ಐಸ್ ಒಳಗೆ ಹಾಕಿದರೆ ಹಾಳಾಗುತ್ತೆ. ಗಾಯವನ್ನು ಗಟ್ಟಿಯಾಗಿ ಒತ್ತಿ ಹಿಡಿದು ಕೈ ಮೇಲೆತ್ತಿರಬೇಕು.

ಪೀಣ್ಯ ಶೆಡ್:
ನಾಲ್ಕೂ ಕೀ ಕ್ಲಚ್ಚೇ. ಪೀಸ್ ಲೆಕ್ಕ ಹೌದು, ಈ ತಿಂಗಳಿಂದ ದಿನದ ಸಂಬಳ ಮಾಡ್ತೀನಿ. ರಾಜು ಸರ್, ಬೆಂಡಿಂಗ್ ಡೈಗಳು ಆರು ಇವೆ. ಸ್ಲೈಡ್ ಒಂದೇ ಮಾಡಿಸಿ ಎಲ್ಲಕ್ಕೂ ಬಳಸಬಹುದಾ?

ಟೂಲ್‌ರೂಮ್ ರಾಜು:
ಡೈ ತಳ ಒಂದೇ ಅಳತೆ ಇದ್ದರೆ ಆಗುತ್ತೆ. ಸ್ಲೈಡ್ ಪೂರ್ತಿ ಒಳಗೆ ಹೋಗದಿದ್ದರೆ ಪೆಡಲ್ ಕೆಲಸ ಮಾಡದ ಹಾಗೆ ಒಂದು ಲಾಕ್ ಕೊಡಿಸಿ. ಡೈಗಳ ಅಳತೆ, ಫೋಟೊ ಇಲ್ಲಿ ಹಾಕಿ, ನೋಡ್ತೀನಿ.