ಸಹಾಯ ಬೇಕು: ಬೋಟಿನ ಗೇರ್ ಲಿವರಿಗೆ ಶೋಲ್ಡರ್ ಬೋಲ್ಟ್

ಬೋಟು ಕಾರವಾರದ ಬೈತಖೋಲ್ ಬಂದರಿನಲ್ಲಿದೆ. ಲಿವರ್ ಜಾಯಿಂಟಿಗೆ ಈಗಿರುವುದು ಪೂರ್ತಿ ಥ್ರೆಡ್ಡಿನ ಎಂ10 (10 ಮಿ.ಮೀ. ದಪ್ಪದ) ಬೋಲ್ಟ್. ಥ್ರೆಡ್ಡು ಅರದ ಹಾಗೆ ಉಜ್ಜಿ ತೂತು ಮೊಟ್ಟೆಯಾಕಾರವಾಗಿದೆ. ನಟ್ ಬಿಗಿದರೆ ಲಿವರ್ ಹಿಡಿಯುತ್ತದೆ, ಸಡಿಲ ಬಿಟ್ಟರೆ ನಟ್ಟೇ ಕಳಚುತ್ತದೆ.

ತೂತನ್ನು 14 ಮಿ.ಮೀ.ಗೆ ರೀಮ್ ಮಾಡಿಸಿ (ನುಣುಪಾಗಿ ಅಗಲಿಸಿ) ಗನ್‌ಮೆಟಲ್ ಬುಶ್ (ಕಂಚಿನ ಒಳಬಳೆ) ಕೂರಿಸಿ, 10 ಮಿ.ಮೀ. ಶೋಲ್ಡರ್ (ತಲೆಗೂ ಥ್ರೆಡ್ಡಿಗೂ ನಡುವಿನ ಥ್ರೆಡ್ಡಿಲ್ಲದ ನುಣುಪು ಭಾಗ), ಎಂ8 ಥ್ರೆಡ್ಡಿನ ಬೋಲ್ಟ್ ಹಾಕುವ ಯೋಚನೆ. ಶೋಲ್ಡರ್ ಉದ್ದ 16. ಲಿವರ್ ದಪ್ಪ 12. ಉಳಿದದ್ದನ್ನು ವಾಷರಿನಿಂದ ತುಂಬಿ 0.2 ಮಿ.ಮೀ. ಆಟ ಬಿಡಬೇಕು. ಆಗ ಬಿಗಿತವೆಲ್ಲ ಶೋಲ್ಡರಿನ ಮೇಲೆ, ಲಿವರ್ ಸಲೀಸು.

ತೊಡಕು ಲೋಹದ್ದು. ಸಿಗುವುದೆಲ್ಲ 12.9 ದರ್ಜೆಯ (ತುಂಬ ಗಟ್ಟಿ) ಕಪ್ಪು ಸ್ಟೀಲು, ಉಪ್ಪುಗಾಳಿಗೆ ಬೇಗ ತುಕ್ಕು. ಉಪ್ಪಿಗೆ ತಡೆಯುವ 316 ದರ್ಜೆಯ ಸ್ಟೇನ್‌ಲೆಸ್ಸಿನದು ಕಾರವಾರ, ಅಂಕೋಲಾ, ಹುಬ್ಬಳ್ಳಿಯಲ್ಲಿ ಎಲ್ಲಿ ಸಿಗುತ್ತದೆ? ಲೇತಿನಲ್ಲಿ ಮಾಡಿಸಿದರೆ ಶೋಲ್ಡರಿನ ಬುಡದ ಮೂಲೆಗೆ ಎಷ್ಟು ರೇಡಿಯಸ್ ಕೊಡಿಸಬೇಕು? ಚೂಪು ಬಿಟ್ಟರೆ ಅಲ್ಲೇ ಬಿರುಕು ಏಳುತ್ತದೆ. ಮಾಡಿಸಿದವರು ದಯವಿಟ್ಟು ತಿಳಿಸಿ.