ಪದಚರ್ಚೆ: ಲ್ಯಾಬಿಗೆ ‘ಮಾನ್ಯತೆ’ಯೋ, ‘ಪ್ರಮಾಣಪತ್ರ’ವೋ?

ಎಲ್ಲರಿಗೂ ನಮಸ್ಕಾರ.

ಹಾಸನದಿಂದ ಬರೆಯುತ್ತಿದ್ದೇನೆ. ಬೋರ್‌ವೆಲ್ ನೀರು, ಮಣ್ಣು, ಕಾಫಿ ಇವನ್ನೆಲ್ಲ ಲ್ಯಾಬಿಗೆ ಕೊಟ್ಟು ಪರೀಕ್ಷೆ ಮಾಡಿಸುವವರಿಗಾಗಿ ಒಂದು ಸಣ್ಣ ಕೈಪಿಡಿ ತಯಾರಾಗುತ್ತಿದೆ. ಓದುವವರು ಅರಸೀಕೆರೆ, ಕಡೂರು ಕಡೆಯ ರೈತರು, ಸಕಲೇಶಪುರ, ಮೂಡಿಗೆರೆ ಕಡೆಯ ಬೆಳೆಗಾರರು. ಅದರಲ್ಲಿ ‘ಎಂಥ ಲ್ಯಾಬಿಗೆ ಕೊಡಬೇಕು’ ಅನ್ನುವ ಭಾಗದಲ್ಲಿ ಪದಗಳು ಕಾಡುತ್ತಿವೆ. ನಿಮ್ಮ ಅಭಿಪ್ರಾಯ ಬೇಕು.

ಅಕ್ರೆಡಿಟೇಶನ್ ಬೇರೆ, ಸರ್ಟಿಫಿಕೇಶನ್ ಬೇರೆ. ಕನ್ನಡದಲ್ಲಿ ಮಾತ್ರ ಎರಡಕ್ಕೂ ‘ಪ್ರಮಾಣೀಕೃತ’, ‘ಮಾನ್ಯತೆ ಪಡೆದ’, ‘ಅಂಗೀಕೃತ’, ‘ಅಧಿಕೃತ’ ಹೀಗೆ ಕೈಗೆ ಸಿಕ್ಕಿದ್ದನ್ನು ಹಾಕುತ್ತೇವೆ. ಸುದ್ದಿಯಲ್ಲಿ ಹಾಗೆ ಬಂದರೆ ಅಷ್ಟೇನೂ ತೊಂದರೆ ಇಲ್ಲ. ಕುಡಿಯುವ ನೀರಿನ ರಿಪೋರ್ಟ್ ಕೈಯಲ್ಲಿ ಹಿಡಿದವರಿಗೆ ಇದು ದೊಡ್ಡ ತೊಂದರೆ. ಯಾಕೆ ಅಂತ ಹೇಳುತ್ತೇನೆ.

ಒಂದು ಲ್ಯಾಬಿನ ಗೋಡೆಯ ಮೇಲೆ ಮೂರು ಬಗೆಯ ಕಾಗದಗಳಿಗೆ ಚೌಕಟ್ಟು ಹಾಕಿಸಿ ತೂಗುಹಾಕಿರಬಹುದು. ಒಂದು ಸರ್ಕಾರಿ ನೋಂದಣಿ. ರಕ್ತ ಪರೀಕ್ಷೆಯ ಲ್ಯಾಬ್ ಆದರೆ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಕೆಳಗೆ ಇದು ಇರಲೇಬೇಕು. ಇನ್ನೊಂದು ಐಎಸ್‌ಒ 9001 ಪ್ರಮಾಣಪತ್ರ. ಈ ಸಂಸ್ಥೆ ತನ್ನ ಕೆಲಸವನ್ನು ಒಂದು ಕ್ರಮದಲ್ಲಿ ನಡೆಸುತ್ತದೆ, ದಾಖಲೆ ಇಡುತ್ತದೆ, ದೂರು ಬಂದರೆ ನೋಡುತ್ತದೆ ಅನ್ನುವುದಕ್ಕೆ ಅದು ಸಾಕ್ಷಿ. ಹೋಟೆಲಿಗೂ ಸಿಗುತ್ತದೆ, ಕಾರ್ಖಾನೆಗೂ ಸಿಗುತ್ತದೆ. ನಿಮ್ಮ ನೀರಿನಲ್ಲಿ ಫ್ಲೋರೈಡ್ ಇಷ್ಟಿದೆ ಅಂತ ಬರೆದ ಅಂಕಿ ಸರಿಯೇ ಅನ್ನುವುದರ ಬಗ್ಗೆ ಆ ಕಾಗದ ಏನನ್ನೂ ಹೇಳುವುದಿಲ್ಲ.

ಅದನ್ನು ಹೇಳುವುದು ಮೂರನೆಯದು, ಅಂದರೆ ಅಕ್ರೆಡಿಟೇಶನ್. ನಮ್ಮ ದೇಶದಲ್ಲಿ ಭಾರತೀಯ ಗುಣಮಟ್ಟ ಮಂಡಳಿಯ ಭಾಗವಾದ ಎನ್‌ಎಬಿಎಲ್ ಇದನ್ನು ಕೊಡುತ್ತದೆ. ನೀರು, ಆಹಾರ, ಮಣ್ಣು ಪರೀಕ್ಷಿಸುವ ಲ್ಯಾಬುಗಳನ್ನು ಐಎಸ್‌ಒ/ಐಇಸಿ 17025 ಪ್ರಕಾರ ನೋಡುತ್ತಾರೆ, ರಕ್ತ ಮೂತ್ರದ ಲ್ಯಾಬುಗಳನ್ನು ಐಎಸ್‌ಒ 15189 ಪ್ರಕಾರ. ಎನ್‌ಎಬಿಎಲ್ ಕಡೆಯಿಂದ ಬಂದವರು ಬರೀ ಕಡತ ತಿರುವಿಹಾಕಿ ಹೋಗುವುದಿಲ್ಲ. ಎದುರಿಗೆ ನಿಂತು ಟೆಕ್ನಿಶಿಯನ್ ಕೈಯಲ್ಲಿ ಪರೀಕ್ಷೆ ಮಾಡಿಸಿ ನೋಡುತ್ತಾರೆ. ಉಪಕರಣ ಸರಿಯಾಗಿ ತೋರಿಸುತ್ತಿದೆಯಾ, ವಿಧಾನ ಈ ಕೆಲಸಕ್ಕೆ ತಕ್ಕುದಾ, ಮಾಡುವವರಿಗೆ ಕೆಲಸ ಗೊತ್ತಾ ಅಂತ ಕೇಳುತ್ತಾರೆ. ಒಂದೇ ಸ್ಯಾಂಪಲ್ಲನ್ನು ಹಲವು ಲ್ಯಾಬುಗಳಿಗೆ ಕಳಿಸಿ ಹೋಲಿಸಿದಾಗ ಈ ಲ್ಯಾಬಿನ ಉತ್ತರ ಎಲ್ಲಿ ನಿಂತಿತು ಅನ್ನುವುದನ್ನೂ ನೋಡುತ್ತಾರೆ.

ಅರಸೀಕೆರೆ ಕಡೆ ಇದು ಬರೀ ಮಾತಿನ ವಿಷಯ ಅಲ್ಲ. ಕುಡಿಯುವ ನೀರಿನ ಭಾರತೀಯ ಮಾನಕವಾದ ಐಎಸ್ 10500 ಪ್ರಕಾರ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.0 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಇಲ್ಲವೇ ಇಲ್ಲ ಅಂದರೆ 1.5ರ ತನಕ. ರಿಪೋರ್ಟಿನಲ್ಲಿ 1.3 ಅಂತ ಬಂದರೆ ಒಂದು ತೀರ್ಮಾನ, 1.7 ಅಂತ ಬಂದರೆ ಇನ್ನೊಂದು. ಮಕ್ಕಳ ಹಲ್ಲು, ಮೂಳೆ ಆ ಅಂಕಿಯ ಮೇಲೆ ನಿಂತಿವೆ. ಅದಕ್ಕೇ ಈ ಮೂರು ಕಾಗದಗಳಿಗೆ ಮೂರು ಪದ ಬೇಕು, ಅವು ಬೆರೆಯಬಾರದು ಅಂತ ನನ್ನ ಹಟ.

ನೋಂದಣಿಗೆ ‘ನೋಂದಣಿ’ ಸರಿ, ಎಲ್ಲರಿಗೂ ಗೊತ್ತು. ಐಎಸ್‌ಒ 9001ಕ್ಕೆ ‘ಪ್ರಮಾಣಪತ್ರ’ ಇರಲಿ. ಅಕ್ರೆಡಿಟೇಶನ್‌ಗೆ ‘ಮಾನ್ಯತೆ’ ಅಂತ ಬಳಕೆಯಲ್ಲಿದೆ, ನಾನೂ ಅದನ್ನೇ ಇಟ್ಟುಕೊಂಡಿದ್ದೇನೆ. ಆದರೆ ಶಾಲೆಗೆ ಮಾನ್ಯತೆ, ಪಕ್ಷಕ್ಕೆ ಮಾನ್ಯತೆ ಅಂತ ಕೇಳಿದ ಕಿವಿಗೆ ‘ಮಾನ್ಯತೆ ಪಡೆದ ಲ್ಯಾಬ್’ ಅಂದರೆ ಸರ್ಕಾರ ಒಪ್ಪಿದ ಲ್ಯಾಬ್, ಅಲ್ಲಿ ಏನು ಮಾಡಿಸಿದರೂ ಸರಿ ಅಂತ ಕೇಳಿಸುತ್ತದೆ. ನಿಜ ಹಾಗಿಲ್ಲ. ಈ ಮಾನ್ಯತೆ ಇಡೀ ಲ್ಯಾಬಿಗೆ ಸಿಗುವುದಿಲ್ಲ, ಒಂದೊಂದು ಪರೀಕ್ಷೆಗೆ, ಅದರ ವಿಧಾನಕ್ಕೆ ಸಿಗುತ್ತದೆ. ಪಿಎಚ್ ಮತ್ತು ಗಡಸುತನಕ್ಕೆ ಮಾನ್ಯತೆ ಇದ್ದು ಫ್ಲೋರೈಡಿಗೆ ಇಲ್ಲದಿರಬಹುದು, ಫ್ಲೋರೈಡಿಗೆ ಇದ್ದು ಕೀಟನಾಶಕದ ಉಳಿಕೆಗೆ ಇಲ್ಲದಿರಬಹುದು. ಯಾವುದಕ್ಕೆಲ್ಲ ಇದೆ ಅನ್ನುವ ಪಟ್ಟಿ ಕಾಗದದ ಜೊತೆಗೇ ಬರುತ್ತದೆ, ಎನ್‌ಎಬಿಎಲ್ ಜಾಲತಾಣದಲ್ಲೂ ಹುಡುಕಿ ನೋಡಬಹುದು.

ಅಂದರೆ ತೊಡಕು ಪದದಲ್ಲಿ ಇರುವುದಕ್ಕಿಂತ ವಿಭಕ್ತಿಯಲ್ಲಿ ಜಾಸ್ತಿ ಇದೆ ಅಂತ ನನಗೆ ಕಾಣುತ್ತದೆ. ‘ಲ್ಯಾಬಿಗೆ ಮಾನ್ಯತೆ ಇದೆ’ ಅಂದಾಗ ‘-ಗೆ’ ತಪ್ಪು ಜಾಗದಲ್ಲಿ ಕೂತಿದೆ. ‘ಫ್ಲೋರೈಡ್ ಪರೀಕ್ಷೆಗೆ ಮಾನ್ಯತೆ ಪಡೆದ ಲ್ಯಾಬ್’ ಅಂತ ಬರೆದರೆ ಓದುವವರು ತಾವಾಗಿಯೇ ‘ಹಾಗಾದರೆ ನೈಟ್ರೇಟಿಗೆ?’ ಅಂತ ಕೇಳುತ್ತಾರೆ. ಆ ಪ್ರಶ್ನೆ ಹುಟ್ಟಿದರೆ ಕೈಪಿಡಿಯ ಅರ್ಧ ಕೆಲಸ ಆದಂತೆ. ‘ಮಾನ್ಯತೆ’ ಬಂದಲ್ಲೆಲ್ಲ ಅದರ ಹಿಂದೆ ಪರೀಕ್ಷೆಯ ಹೆಸರು ಇರಲೇಬೇಕು ಅಂತ ನಿಯಮ ಮಾಡಿಕೊಂಡಿದ್ದೇನೆ. ಇದು ಕನ್ನಡದ ಕಿವಿಗೆ ಹೇಗೆ ಕೇಳಿಸುತ್ತದೆ, ಹೇಳಿ.

ಎರಡನೆಯದು, ಎನ್‌ಎಬಿಎಲ್‌ನವರು ಲ್ಯಾಬಿಗೆ ಬಂದು ನೋಡುವುದನ್ನು ಏನೆನ್ನುವುದು? ‘ತಪಾಸಣೆ’ ಅಂದರೆ ಅಧಿಕಾರಿಗಳು ಜೀಪಿನಲ್ಲಿ ಬಂದಿಳಿದ ಹಾಗೆ. ‘ಮೌಲ್ಯಮಾಪನ’ ಅಂದರೆ ಎಸ್‌ಎಸ್‌ಎಲ್‌ಸಿ ಉತ್ತರ ಪತ್ರಿಕೆ ನೆನಪಾಗುತ್ತದೆ. ‘ಲೆಕ್ಕಪರಿಶೋಧನೆ’ ದುಡ್ಡಿನದು. ಲ್ಯಾಬಿನವರು ಸುಮ್ನೆ ‘ಆಡಿಟ್’ ಅನ್ನುತ್ತಾರೆ, ಅದರಲ್ಲಿ ಕಂಡ ಕೊರತೆಗೆ ‘ಎನ್‌ಸಿ ಬಂತು’ ಅನ್ನುತ್ತಾರೆ. ನಾನು ‘ಪರಿಶೀಲನೆ’ ಮತ್ತು ‘ಕೊರತೆ’ ಅಂತ ಇಟ್ಟಿದ್ದೇನೆ. ‘ಲೋಪ’ ಬೇಡ ಅನ್ನಿಸಿತು, ಅದು ಅಮಾನತು ಆದೇಶದ ಭಾಷೆ.

ಉಪಕರಣ ಸರಿಯಾಗಿ ತೋರಿಸುತ್ತಿದೆಯಾ ಅಂತ ಅಳೆದು ನೋಡುವ ಕ್ಯಾಲಿಬ್ರೇಶನ್‌ಗೆ ‘ಮಾಪನಾಂಕ ನಿರ್ಣಯ’ ಅಂತ ಕೆಲವು ಕಡೆ ಓದಿದ್ದೇನೆ. ಬೆಳೆಗಾರರ ಮುಂದೆ ಅದು ನಡೆಯುವುದಿಲ್ಲ. ಕಾಫಿ ಮಾರುವಾಗ ವ್ಯಾಪಾರಿಯ ಮಾಯಿಶ್ಚರ್ ಮೀಟರ್ ಒಂದು ಅಂಕ ಜಾಸ್ತಿ ತೋರಿಸಿದರೆ ದುಡ್ಡು ಎಷ್ಟು ಹೋಗುತ್ತದೆ ಅಂತ ಅವರಿಗೆ ಚೆನ್ನಾಗಿ ಗೊತ್ತು, ಪದ ಮಾತ್ರ ಇಲ್ಲ. ಅಂಗಡಿ ತಕ್ಕಡಿಗೆ ಇಲಾಖೆಯವರು ಮಾಡುವುದನ್ನು ಸರ್ಕಾರಿ ಕನ್ನಡದಲ್ಲಿ ‘ಸತ್ಯಾಪನೆ ಮತ್ತು ಮುದ್ರೆ’ ಅನ್ನುತ್ತಾರೆ, ಜನ ‘ಸೀಲ್ ಹಾಕಿಸೋದು’ ಅನ್ನುತ್ತಾರೆ. ಈ ‘ಸತ್ಯಾಪನೆ’ ನನಗೆ ಬಹಳ ಇಷ್ಟ, ಆದರೆ ಅರ್ಥ ಪೂರ್ತಿ ಕೂಡುವುದಿಲ್ಲ. ಸತ್ಯಾಪನೆಯಲ್ಲಿ ‘ಪಾಸು’ ಅಥವಾ ‘ಫೇಲು’ ಎಂದು ಹೇಳುತ್ತಾರೆ. ಕ್ಯಾಲಿಬ್ರೇಶನ್‌ನಲ್ಲಿ ಉಪಕರಣ ನಿಜವಾದ ಅಳತೆಗಿಂತ ಎಷ್ಟು ಹೆಚ್ಚು, ಎಷ್ಟು ಕಮ್ಮಿ ತೋರಿಸುತ್ತದೆ ಅಂತ ಅಳೆದು ಬರೆದುಕೊಡುತ್ತಾರೆ. ‘ಅಳತೆ ತಾಳೆ’ ಅಂದರೆ ಆದೀತೇ? ‘ಮೀಟರ್ ತಾಳೆ ನೋಡಿಸಿದ್ದೀರಾ’ ಅಂತ ಕೇಳುವುದು ಸಹಜವಾಗಿದೆ ಅಂತ ನನ್ನ ಭಾವನೆ. ಲೆಕ್ಕ ತಾಳೆ ನೋಡುವುದು ಹೇಗೂ ನಮ್ಮಲ್ಲಿದೆ.

ಇನ್ನೊಂದು, ರಿಪೋರ್ಟಿನಲ್ಲಿ ಅಂಕಿಯ ಮುಂದೆ ಬರುವ ಪ್ಲಸ್ ಮೈನಸ್, ಅಂದರೆ ನಿಜವಾದ ಅಳತೆ ಆ ಅಂಕಿಗಿಂತ ಎಷ್ಟು ಆಚೀಚೆ ಇರಬಹುದು ಅನ್ನುವುದು. ‘ಅನಿಶ್ಚಿತತೆ’ ಅಂತ ಬರೆದರೆ ಲ್ಯಾಬಿಗೇ ಖಾತ್ರಿ ಇಲ್ಲ ಅಂದುಕೊಳ್ಳುತ್ತಾರೆ. ನಿಜವಾಗಿ ಅದನ್ನು ಲೆಕ್ಕ ಹಾಕಿ ಹೇಳಬಲ್ಲ ಲ್ಯಾಬೇ ಜಾಸ್ತಿ ನಂಬಿಕೆಗೆ ತಕ್ಕದ್ದು. ಸದ್ಯಕ್ಕೆ ‘ಆಚೀಚೆ 0.1’ ಅಂತ ಬರೆದಿದ್ದೇನೆ. ತೀರಾ ಆಡುಮಾತಾಯಿತು ಅನ್ನಿಸಿದರೆ ತಿದ್ದಿ.

‘ಪ್ರಯೋಗಾಲಯ’ದ ಬಗ್ಗೆಯೂ ಒಂದು ಮಾತು. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಲ್ಲಿ ಪ್ರಯೋಗ ಕೇಂದ್ರವಾಗಿಯೇ ಶುರುವಾಯಿತು. ಅಲ್ಲಿ ಹೊಸ ತಳಿಯ ಮೇಲೆ ಪ್ರಯೋಗ ನಡೆಯುತ್ತದೆ, ಆ ಪದ ಅಲ್ಲಿಗೆ ಒಪ್ಪುತ್ತದೆ. ನೀರು ಪರೀಕ್ಷಿಸುವ ಕಡೆ ಪ್ರಯೋಗ ಏನೂ ಇಲ್ಲ, ಇರಲೂಬಾರದು. ‘ಪರೀಕ್ಷಾಲಯ’ ಬರೆಯಬಹುದು, ಆದರೆ ನಾನು ‘ಲ್ಯಾಬ್’ ಅಂತಲೇ ಬಿಟ್ಟಿದ್ದೇನೆ.

ಎನ್‌ಎಬಿಎಲ್ ಮಾನ್ಯತೆ ಇರುವ ಲ್ಯಾಬಿನಲ್ಲಿ ಕೆಲಸ ಮಾಡಿದವರು ಈ ಬಳಗದಲ್ಲಿದ್ದರೆ, ಕ್ಯಾಲಿಬ್ರೇಶನ್‌ಗೆ ನೀವು ನೀವು ಮಾತಾಡಿಕೊಳ್ಳುವಾಗ ಏನನ್ನುತ್ತೀರಿ ಅಂತ ದಯವಿಟ್ಟು ಬರೆಯಿರಿ. ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್ ಕಡೆಯ ಹಳಬರು ಔಟ್‌ಟರ್ನ್ (ತಂದ ಕಾಫಿಯಿಂದ ಎಷ್ಟು ಬೇಳೆ ಸಿಗುತ್ತದೆ ಅನ್ನುವ ಲೆಕ್ಕ) ನೋಡುವಾಗ, ತೂಕ ತಾಳೆ ಮಾಡುವಾಗ ಬಳಸುತ್ತಿದ್ದ ಮಾತುಗಳು ಯಾರಿಗಾದರೂ ನೆನಪಿದ್ದರೆ ಅವೂ ಬೇಕು. ‘ಅಳತೆ ತಾಳೆ’ಗಿಂತ ಒಳ್ಳೆಯದು ಅಲ್ಲೇ ಎಲ್ಲೋ ಇರಬೇಕು.