ಹರ್-2 ವರದಿಯಲ್ಲಿ 2+ ಬಂದಿದೆ, ಫಿಶ್ ಪರೀಕ್ಷೆ ಮಾಡಿಸಬೇಕೇ?

ಕೇಳಿದವರು, ದಾವಣಗೆರೆ:
ನಮ್ಮ ತಾಯಿಯವರಿಗೆ ಸ್ತನ ಕ್ಯಾನ್ಸರ್ ಇರುವುದು ಬಯಾಪ್ಸಿಯಲ್ಲಿ ತಿಳಿದಿದೆ. ಹರ್-2 ಪರೀಕ್ಷೆಯಲ್ಲಿ 2+ ಬಂದಿರುವುದರಿಂದ ಫಿಶ್ ಎಂಬ ಇನ್ನೊಂದು ಪರೀಕ್ಷೆ ಬೇಕೆಂದು ಡಾಕ್ಟರು ಹೇಳಿದ್ದಾರೆ. ಈ ವರದಿಗಳನ್ನು ಎಷ್ಟರಮಟ್ಟಿಗೆ ನಂಬಬಹುದು? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಚಿತ್ರದುರ್ಗದಿಂದ:
ಫಿಶ್ ಪರೀಕ್ಷೆಯನ್ನು ಖಂಡಿತ ಮಾಡಿಸಿ. 2+ ಎಂದರೆ ಅರ್ಧ ಪಾಸಿಟಿವ್ ಇರಬೇಕೆಂದು ನಾವೂ ಭಾವಿಸಿದ್ದೆವು. ಇನ್ನೂ ತೀರ್ಮಾನವಾಗಿಲ್ಲ ಎಂಬುದಷ್ಟೇ ಅದರ ಅರ್ಥ. ಮೊದಲ ಪರೀಕ್ಷೆಯಾದ ಐಎಚ್‌ಸಿಯಲ್ಲಿ ಕ್ಯಾನ್ಸರ್ ಜೀವಕೋಶದ ಪೊರೆಯ ಮೇಲಿರುವ ಹರ್-2 ಎಂಬ ಪ್ರೋಟೀನಿಗೆ ಬಣ್ಣ ಹಿಡಿಸಿ, ಅದು ಎಷ್ಟು ಗಾಢವಾಗಿದೆ ಎಂದು ನೋಡುತ್ತಾರೆ. ಫಿಶ್‌ನಲ್ಲಾದರೆ ಆ ಪ್ರೋಟೀನನ್ನು ತಯಾರಿಸುವ ಜೀನಿನ ಪ್ರತಿಗಳನ್ನೇ ಎಣಿಸುತ್ತಾರೆ.

ನಮ್ಮ ಅಕ್ಕನಿಗೆ ಶನಿವಾರ ಸಂಜೆ ಶಸ್ತ್ರಚಿಕಿತ್ಸೆಯಾಯಿತು. ತೆಗೆದ ಗಡ್ಡೆಯನ್ನು ಸೀಳದೆ, ಇಡಿಯಾಗಿಯೇ ಡಬ್ಬಿಗೆ ಹಾಕಿ ಸೋಮವಾರದವರೆಗೆ ಇಟ್ಟಿದ್ದರೆಂಬುದು ನಮಗೆ ಆಮೇಲೆ ತಿಳಿಯಿತು. ಹರ್-2 1+, ಅಂದರೆ ನೆಗೆಟಿವ್ ಎಂದು ವರದಿ ಬಂತು. ದಾವಣಗೆರೆಯಲ್ಲಿ ನೋಡುತ್ತಿದ್ದ ಕ್ಯಾನ್ಸರ್ ತಜ್ಞರಿಗೆ ಅದು ಒಪ್ಪಿಗೆಯಾಗದೆ, ಶಸ್ತ್ರಚಿಕಿತ್ಸೆಗೆ ಮುಂಚೆ ಸೂಜಿಯಿಂದ ತೆಗೆದಿದ್ದ ಬಯಾಪ್ಸಿಯ ಬ್ಲಾಕನ್ನು (ಮೇಣದಲ್ಲಿ ಹುದುಗಿಸಿಟ್ಟ ತುಂಡನ್ನು) ತರಿಸಿ ಇನ್ನೊಂದು ಲ್ಯಾಬಿಗೆ ಕಳುಹಿಸಿದರು. ಅಲ್ಲಿ 2+ ಬಂದು, ಫಿಶ್‌ನಲ್ಲಿ ಪಾಸಿಟಿವ್ ಎಂದು ಖಚಿತವಾಯಿತು. ಅವರು ಅಷ್ಟು ಕಾಳಜಿ ವಹಿಸದೇ ಹೋಗಿದ್ದರೆ ಅಕ್ಕನಿಗೆ ಹರ್-2 ಪಾಸಿಟಿವ್ ಇದ್ದವರಿಗೆ ಕೊಡುವ ಟ್ರಾಸ್ಟುಜುಮ್ಯಾಬ್ ಇಂಜೆಕ್ಷನ್ ಸಿಗುತ್ತಲೇ ಇರಲಿಲ್ಲ ಎಂಬುದನ್ನು ನೆನೆದರೆ ಈಗಲೂ ಎದೆ ನಡುಗುತ್ತದೆ.

ಹರಿಹರದಿಂದ, ನಿವೃತ್ತ ಲ್ಯಾಬ್ ಟೆಕ್ನೀಷಿಯನ್:
ಮೇಲಿನವರು ಬರೆದಿರುವುದು ಬಹಳ ಮುಖ್ಯವಾದ ವಿಷಯ. ತೆಗೆದ ಅಂಗಾಂಶವು ಒಂದು ಗಂಟೆಯೊಳಗೆ ಫಾರ್ಮಲಿನ್ (ಅಂಗಾಂಶ ಕೆಡದಂತೆ ಕಾಪಾಡುವ ದ್ರಾವಣ) ಸೇರಬೇಕು, ಅದರಲ್ಲಿ ಕನಿಷ್ಠ 6 ಗಂಟೆ, ಹೆಚ್ಚೆಂದರೆ 72 ಗಂಟೆ ಇರಬೇಕು ಎಂಬುದು ಈಗಿನ ನಿಯಮ. ಫಾರ್ಮಲಿನ್ ನಿಧಾನವಾಗಿ ಒಳಗಿಳಿಯುವುದರಿಂದ ದೊಡ್ಡ ಗಡ್ಡೆಯನ್ನು ಸೀಳದೆ ಹಾಕಿದರೆ ಹೊರಭಾಗ ಗಟ್ಟಿಯಾಗುವಷ್ಟರಲ್ಲಿ ಒಳಭಾಗದ ಪ್ರೋಟೀನ್ ಕೆಡಲು ತೊಡಗಿರುತ್ತದೆ; ಆಮೇಲೆ ಎಷ್ಟೇ ಒಳ್ಳೆಯ ಲ್ಯಾಬಿಗೆ ಕಳುಹಿಸಿದರೂ ಅದು ಮರಳಿ ಬಾರದು. ಸೂಜಿ ಬಯಾಪ್ಸಿಯ ತುಂಡು ತೆಳುವಾದ್ದರಿಂದ ಅದಕ್ಕೆ ಈ ತೊಂದರೆ ಕಡಿಮೆ. ಇಂಥ ಲೋಪ ನಮ್ಮ ಕಡೆ ಮಾತ್ರ ನಡೆಯುತ್ತದೆಂದು ಭಾವಿಸಬೇಡಿ. ಅಮೆರಿಕದ ತಜ್ಞರ ಸಂಘಗಳು 2007ರಲ್ಲಿ ಮಾರ್ಗಸೂಚಿ ಹೊರಡಿಸಿದಾಗ, ಅಲ್ಲಿಯ ಹರ್-2 ಪರೀಕ್ಷೆಗಳಲ್ಲಿ ಸುಮಾರು ಶೇ 20ರಷ್ಟು ತಪ್ಪಾಗಿರಬಹುದೆಂದು ಹೇಳಿದ್ದವು.

ತಪ್ಪಾಗಿ ಪಾಸಿಟಿವ್ ಎಂದು ಬಂದರೂ ಹಾನಿಯೇ, ಏಕೆಂದರೆ ಟ್ರಾಸ್ಟುಜುಮ್ಯಾಬ್ ಔಷಧಿಯಿಂದ ಕೆಲವರ ಹೃದಯಕ್ಕೆ ತೊಂದರೆಯಾಗುತ್ತದೆ.

ದಾವಣಗೆರೆಯಿಂದ ಇನ್ನೊಬ್ಬರು:
ನನ್ನ ಪತ್ನಿಗೂ 2+ ಬಂದಿತ್ತು, ಫಿಶ್‌ನಲ್ಲಿ ನೆಗೆಟಿವ್ ಆಯಿತು. ವರದಿಯ ಪ್ರತಿ ಮಾತ್ರ ಕಳುಹಿಸಿದರೆ ಪ್ರಯೋಜನವಿಲ್ಲ. ಮೇಣದ ಬ್ಲಾಕನ್ನೇ ಕೇಳಿ ಪಡೆದು ಕಳುಹಿಸಬೇಕು. ನಾವು ಅದನ್ನು ಬೆಂಗಳೂರಿಗೆ ನಾವೇ ಒಯ್ದೆವು. ಬಿಸಿಲಿಗೆ ಮೇಣ ಕರಗಬಾರದೆಂದು ರಾತ್ರಿಯ ಬಸ್ಸಿನಲ್ಲಿ ಹೋದೆವು. ಬ್ಲಾಕಿನ ಸಂಖ್ಯೆಯೂ ವರದಿಯಲ್ಲಿರುವ ಸಂಖ್ಯೆಯೂ ಒಂದೇ ಆಗಿವೆಯೇ ಎಂದು ಅಲ್ಲಿಯೇ ನಿಂತು ನೋಡಿಕೊಳ್ಳಿ, ಕೆಲಸ ಮುಗಿದ ಮೇಲೆ ಬ್ಲಾಕನ್ನು ಮರಳಿ ಪಡೆಯಿರಿ.